ವಜ್ರದ ಕಣ, ಕೀಮೋ ಮತ್ತು ನಿಮ್ಮ ಹೃದಯ



ಮೊನ್ನೆ ಡೊಂಬಿವಲಿಯಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ತಾಯಿಯೊಬ್ಬರು ಮೊಬೈಲ್ ತೋರಿಸಿದರು. "ಡಾಕ್ಟ್ರ, ವಜ್ರದ ಪುಡಿಲೇ ಕ್ಯಾನ್ಸರ್ ವಾಸಿ ಆಗ್ತೈತಿ ಅಂತ ಬಂದೈತ್ರಿ. ನಮ್ಮ ತಂಗಿಗೆ ಕೀಮೋ ಬಿಡಿಸಿ ಇದನ್ನ ಕೊಡಸೋಣೇನ್ರಿ?"

ಬೇಡ ಎಂದೆ. ಯಾಕೆ ಅಂತ ನಿಮಗೂ ಹೇಳುತ್ತೇನೆ.

*ಏನಿದು ನ್ಯಾನೋ ವಜ್ರ?*
ಸ್ಫೋಟಕಗಳನ್ನು ಮುಚ್ಚಿದ ಪಾತ್ರೆಯಲ್ಲಿ ಸಿಡಿಸಿದಾಗ ಉಳಿಯುವ ಮಸಿಯಲ್ಲಿ ಸುಮಾರು 5 ನ್ಯಾನೋಮೀಟರ್ ಗಾತ್ರದ ವಜ್ರದ ಕಣಗಳು ಸಿಗುತ್ತವೆ. ಇಂಥ 10,000 ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲಿನ ದಪ್ಪ ಆದೀತು, ಅಷ್ಟೆ. ಆಯುರ್ವೇದದ ವಜ್ರ ಭಸ್ಮವೇ ಬೇರೆ, ಇದೇ ಬೇರೆ.

*ಪ್ಲಾಸ್ಮಾ ಯಾಕೆ?*
ಇದು ರಕ್ತದ ಪ್ಲಾಸ್ಮಾ ಅಲ್ಲ. ಟ್ಯೂಬ್‌ಲೈಟ್ ಒಳಗೆ ವಿದ್ಯುತ್ ಹರಿದು ಹೊಳೆಯುವ ಅನಿಲವಿದೆಯಲ್ಲ, ಆ ಪ್ಲಾಸ್ಮಾ. ಕಣಗಳನ್ನು ಆಮ್ಲಜನಕದ ಪ್ಲಾಸ್ಮಾದಲ್ಲಿಟ್ಟರೆ ಮೇಲ್ಮೈಗೆ ಆಮ್ಲಜನಕದ ಗುಂಪುಗಳು ಅಂಟಿ, ಅದು ನೀರಿಗೆ ಹೊಂದಿಕೊಳ್ಳುತ್ತದೆ. ಜಲಜನಕದ ಪ್ಲಾಸ್ಮಾ ಬಳಸಿದರೆ ಮೇಲ್ಮೈಯ ಗುಣವೇ ಬೇರೆ. ನಮ್ಮ ದೋಸೆ ಕಾವಲಿಯ ಹಾಗೆ: ಕಬ್ಬಿಣ ಅದೇ, ಎಣ್ಣೆ ಹಚ್ಚಿ ಈರುಳ್ಳಿ ಉಜ್ಜಿದರೆ ದೋಸೆ ಏಳುತ್ತದೆ, ಇಲ್ಲದಿದ್ದರೆ ಅಂಟುತ್ತದೆ. ಕಣಗಳು ರಕ್ತದಲ್ಲಿ ಗಂಟು ಕಟ್ಟುತ್ತವೆಯೇ, ಔಷಧಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತವೆ ಎಂಬುದಕ್ಕೆಲ್ಲ ಮೇಲ್ಮೈಯೇ ಮುಖ್ಯ.

*ಹೃದಯಕ್ಕೇನು ಸಂಬಂಧ?*
ಸ್ತನ ಕ್ಯಾನ್ಸರ್, ಲಿಂಫೋಮಾಗಳಿಗೆ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿ ಜೀವ ಉಳಿಸುತ್ತದೆ. ಆದರೆ ಒಟ್ಟು ಡೋಸ್ ಹೆಚ್ಚಿದಂತೆ ಹೃದಯದ ಸ್ನಾಯು ಸೋಲುವ ಅಪಾಯವೂ ಹೆಚ್ಚುತ್ತದೆ. 2011ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಇದೇ ಔಷಧಿಯನ್ನು ನ್ಯಾನೋ ವಜ್ರಕ್ಕೆ ಅಂಟಿಸಿ ಇಲಿಗಳಿಗೆ ಕೊಟ್ಟಿತು. ಔಷಧಿ ನಿಧಾನವಾಗಿ ಬಿಡುಗಡೆಯಾಗಿ ಗೆಡ್ಡೆಯಲ್ಲಿ ಹೆಚ್ಚು ಹೊತ್ತು ಉಳಿಯಿತು, ವಿಷಪರಿಣಾಮವೂ ತಗ್ಗಿತು. ಒಳ್ಳೆಯ ಸುದ್ದಿಯೇ. ಆದರೆ ಗಮನಿಸಿ: ಅದು ಇಲಿಗಳಲ್ಲಿ. ಅಲ್ಲೂ ಕ್ಯಾನ್ಸರ್ ಮೇಲೆ ಕೆಲಸ ಮಾಡಿದ್ದು ಔಷಧಿ. ವಜ್ರ ಅದನ್ನು ಹೊತ್ತ ಗಾಡಿ ಮಾತ್ರ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ "ವಜ್ರ ಚಿಕಿತ್ಸೆ" ಎಂದು ಮಾರಿದರೆ ಕೊಳ್ಳಬೇಡಿ.

*ಇವತ್ತು ನೀವು ಮಾಡಬೇಕಾದ್ದು:*
• ಡಾಕ್ಸೊರುಬಿಸಿನ್ ಶುರುವಾಗುವ ಮೊದಲು ಎಕೋ ಮಾಡಿಸಿ. ಮುಂದೆ ಯಾವಾಗ ಎಂದು ವೈದ್ಯರನ್ನು ಕೇಳಿ.
• ಏದುಸಿರು, ಕಾಲು ಊತ, ಎದೆ ಬಡಿತ ಜೋರಾದರೆ ತಡಮಾಡಬೇಡಿ. ಕೀಮೋ ಮುಗಿದು ವರ್ಷಗಳಾದ ಮೇಲೂ ಇವು ಬರಬಹುದು.
• ಬಿಪಿ, ಸಕ್ಕರೆ ಹಿಡಿತದಲ್ಲಿರಲಿ.
• ನಾವು ಊರಿಂದೂರಿಗೆ ಹೋಗುವವರು. ಪುಣೆಯಲ್ಲಿ ಕೀಮೋ, ಆಮೇಲೆ ಚೆನ್ನೈಗೆ ವರ್ಗ. ಎಷ್ಟು ಡೋಸ್ ಆಯಿತು ಎಂಬ ಕಾಗದದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ವೈದ್ಯರಿಗೆ ಅದೇ ದಾರಿದೀಪ.

ಆ ತಂಗಿಯ ಎಕೋ ಚೆನ್ನಾಗಿ ಬಂತು. ಕೀಮೋ ಮುಂದುವರಿದಿದೆ.

ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ.