ಐಟಿಐ ಸಮಿತಿಯಲ್ಲಿ ಹೆತ್ತವರ ಕುರ್ಚಿ ಎಲ್ಲಿದೆ?

ಎಸೆಸೆಲ್ಸಿ ಫಲಿತಾಂಶ ಬಂದ ಕೂಡಲೇ ಮಾರನಹಳ್ಳಿ, ದೋಣಿಗಾಲ್ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗನನ್ನು ಪಿಯುಸಿಗೆ ಹಾಕುವುದಾ, ಐಟಿಐಗಾ? ಯಾವ ಟ್ರೇಡ್ ಕಲಿತರೆ ಗಲ್ಫ್‌ನಲ್ಲಿ ಕೆಲಸ ಸಿಗುತ್ತದೆ ಎಂದು ಎಲ್ಲರೂ ವಿಚಾರಿಸುತ್ತೇವೆ. ಆದರೆ ಆ ಐಟಿಐಯನ್ನು ನಡೆಸುವವರು ಯಾರು, ಲೆಕ್ಕ ನೋಡುವವರು ಯಾರು ಎಂದು ಕೇಳುವವರು ಕಡಿಮೆ.

2007-08ರಲ್ಲಿ ಕೇಂದ್ರ ಸರಕಾರ 1,396 ಸರಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆ ತಂದಿತು. ಅಂಥ ಪ್ರತಿ ಐಟಿಐಗೆ ಒಂದು ನಿರ್ವಹಣಾ ಸಮಿತಿ, ಅದಕ್ಕೆ 2.5 ಕೋಟಿ ರೂ. ತನಕ ಬಡ್ಡಿಯಿಲ್ಲದ ಸಾಲ. ಶೇ. 20ರಷ್ಟು ಸೀಟು ಯಾರಿಗೆ ಎಂದು ತೀರ್ಮಾನಿಸುವ ಅಧಿಕಾರವೂ ಸಮಿತಿಗೇ. ಅಧ್ಯಕ್ಷರು ಕೈಗಾರಿಕೆಯವರು. ಜೊತೆಗೆ ಸ್ಥಳೀಯ ಉದ್ಯಮದ ನಾಲ್ವರು, ಸರಕಾರ ನೇಮಿಸುವ ಐವರು. ಆ ಐವರಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ. ಹೆತ್ತವರಿಗೆ, ಗ್ರಾಮ ಪಂಚಾಯತ್‌ಗೆ ಪ್ರತ್ಯೇಕ ಸ್ಥಾನ ಇಲ್ಲ.

ನಮ್ಮ ಊರಿನ ಸರಕಾರಿ ಶಾಲೆ ನೋಡಿ. 2001ರಿಂದ ಎಸ್‌ಡಿಎಂಸಿ ಇದೆ, ಅದರಲ್ಲಿ ಉಮ್ಮಂದಿರೂ ಕೂರುತ್ತಾರೆ. ಜಮಾಅತಿನ ಮಹಾಸಭೆಯಲ್ಲಿ ವರ್ಷದ ಲೆಕ್ಕಪತ್ರ ಓದದೆ ಬಿಡುತ್ತೇವಾ? ಹತ್ತನೇ ತರಗತಿ ತನಕ ಇರುವ ಆ ಹಕ್ಕು, ಮಗ ಕೈಕಸುಬು ಕಲಿಯಲು ಹೋದ ದಿನವೇ ಹೋಗಬೇಕು ಅಂತ ಏನಿದೆ?

ಇದು ಬರೀ ಕುರ್ಚಿಯ ಮಾತಲ್ಲ. ಕಾಫಿ ಪಲ್ಪಿಂಗ್ ಮಾಡಿದ ನೀರು ಶುದ್ಧವಾಗದೆ ಹಳ್ಳ ಸೇರಿದರೆ ಕೆಳಗಿನ ಊರಿನವರು ಅದನ್ನೇ ಬಳಸಬೇಕು. 2018ರ ಆಗಸ್ಟ್‌ನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಸಾಲು ಸಾಲು ಗುಡ್ಡ ಕುಸಿಯಿತು. 2022ರಲ್ಲಿ ದೋಣಿಗಾಲ್‌ನಲ್ಲಿ ಹೆದ್ದಾರಿಯೇ ಜರಿಯಿತು. ಪಲ್ಪರ್, ಪಂಪ್‌ಸೆಟ್ ರಿಪೇರಿ, ಸೋಲಾರ್, ಕೊಳಚೆ ನೀರಿನ ಶುದ್ಧೀಕರಣ, ಗುಡ್ಡದ ಚರಂಡಿ ಮತ್ತು ತಡೆಗೋಡೆ ಕೆಲಸ: ಇವು ಈ ಘಟ್ಟವನ್ನೂ ಹುಡುಗರ ದುಡಿಮೆಯನ್ನೂ ಒಟ್ಟಿಗೆ ಉಳಿಸುವ ಕಸುಬುಗಳು. ಇದನ್ನು ಸಮಿತಿಯಲ್ಲಿ ಹೇಳಬೇಕಾದವರು ಇಲ್ಲಿ ಬದುಕುವವರೇ.

ರಾಜ್ಯ ಸರಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತಂದಿದೆ. ಒಳ್ಳೆಯದೇ. 2025ರ ಮೇಯಲ್ಲಿ ಕೇಂದ್ರ ಸಂಪುಟ 60,000 ಕೋಟಿ ರೂ.ಗಳ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಂತೆ 1,000 ಐಟಿಐಗಳಲ್ಲಿ ದೊಡ್ಡವು ಕೇಂದ್ರವಾಗಿ, ಸುತ್ತಲಿನವು ಅದಕ್ಕೆ ಜೋಡಣೆಯಾಗಿ ನಡೆಯುತ್ತವೆ, ಮುಂದಾಳತ್ವ ಕಂಪೆನಿಗಳದ್ದು. ಕಂಪೆನಿಗೆ ತನ್ನ ಫ್ಯಾಕ್ಟರಿಗೆ ಬೇಕಾದ ಕೈಗಳ ಲೆಕ್ಕ ಚೆನ್ನಾಗಿ ಗೊತ್ತು. ಘಟ್ಟದ ಹಳ್ಳಿಗೆ ಏನು ಬೇಕೆಂದು ಹೇಳುವವರು ಆ ಮೇಜಿನ ಸುತ್ತ ಇಲ್ಲದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಮಾಡುವುದೇನು? ಮಗ ಕಲಿಯುವ ಐಟಿಐಯ ಪ್ರಾಂಶುಪಾಲರನ್ನು ಕೇಳಿ: ಸಮಿತಿ ಇದೆಯಾ, ಸದಸ್ಯರು ಯಾರು, ಕಳೆದ ಸಭೆ ಯಾವಾಗ ಆಯಿತು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಸಭೆಯ ನಡವಳಿ ಮತ್ತು ಖರ್ಚಿನ ವಿವರ ಪಡೆಯಿರಿ. ಗ್ರಾಮಸಭೆಯಲ್ಲಿ ಮೂರು ಬೇಡಿಕೆ ಇಟ್ಟು ನಿರ್ಣಯ ಮಾಡಿಸಿ: ಸಮಿತಿಯಲ್ಲಿ ಹೆತ್ತವರಿಗೆ, ಕಲಿತು ಹೋದ ಹಳೆ ವಿದ್ಯಾರ್ಥಿಗೆ, ಪಂಚಾಯತ್‌ಗೆ ಒಂದೊಂದು ಸ್ಥಾನ; ವರ್ಷಕ್ಕೊಮ್ಮೆ ಲೆಕ್ಕಪತ್ರ ನೋಟಿಸ್ ಬೋರ್ಡಿನಲ್ಲಿ; ಟ್ರೇಡ್ ಸೇರಿಸುವ, ಮುಚ್ಚುವ ಮೊದಲು ಊರವರ ಜೊತೆ ಸಭೆ.

ಜಾತಿ, ಜಮಾಅತು ನೋಡದೆ ಊರಿನ ಎಲ್ಲ ಹೆತ್ತವರೂ ಸೇರಿ ಕೇಳಬೇಕಾದ ಬೇಡಿಕೆ ಇದು. ಮುಂದಿನ ಗ್ರಾಮಸಭೆಯ ದಿನಾಂಕ ಪಂಚಾಯತ್ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ ಇಟ್ಟುಕೊಳ್ಳೋಣ.