ಅಲ್ಪಾಯುವಾದ ಕರ್ಣಕುಂಡಲ: ಸುಣ್ಣಕಲ್ಲಿನ ನಾಡಿನಲ್ಲಿ ಅದರ ಪಾಲನೆ

ಕರ್ಣಕುಂಡಲವು ಭಾರತಕ್ಕೆ ಸಹಜವಾದ ಏಕವಾರ್ಷಿಕ ಸಸ್ಯ. 1753ರಲ್ಲಿ ಲಿನೇಯಸನು ಇದಕ್ಕೆ ‘ಇಂಪೇಷಿಯನ್ಸ್ ಬಾಲ್ಸಮಿನ’ ಎಂಬ ಹೆಸರನ್ನಿತ್ತನು. ‘ಇಂಪೇಷಿಯನ್ಸ್’ ಎಂದರೆ ತಾಳ್ಮೆಯಿಲ್ಲದುದು. ಮಾಗಿದ ಕಾಯಿಯು ಮುಟ್ಟಿದೊಡನೆ ಸಿಡಿಯುವುದೇ ಇದಕ್ಕೆ ಕಾರಣ.

ಇದನ್ನು ಮನೆಯೊಳಗೆ ಬೆಳೆಸುವವರಿಗೆ ನಮ್ಮ ಸೀಮೆಯಲ್ಲಿ ಎರಡು ಅಡಚಣೆಗಳುಂಟು. ಬೇಸಗೆಯ ತಾಪವು 40 ಡಿಗ್ರಿಯನ್ನು ಮೀರುವುದು ಒಂದು. ಆದುದರಿಂದ ಜೂನ್ ತಿಂಗಳ ಮಳೆಯೊಡನೆ ಬಿತ್ತುವುದು ಲೇಸು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ಸುಣ್ಣಕಲ್ಲಿನ ನೆಲದಲ್ಲಿ ಬಾವಿಯ ನೀರು ಗಡಸಾಗಿರುವುದು ಇನ್ನೊಂದು. ಇಂಥ ನೀರನ್ನೇ ಸತತವಾಗಿ ಎರೆದರೆ, ಮಣ್ಣಿನಲ್ಲಿ ಕಬ್ಬಿಣಾಂಶವಿದ್ದರೂ ಬೇರಿಗೆ ದೊರೆಯದೆ, ಎಳೆಯ ಎಲೆಗಳು ಹಳದಿಯಾಗುತ್ತವೆ. ಮಳೆನೀರನ್ನು ಹಿಡಿದಿಟ್ಟು ಎರೆಯುವುದೇ ಪರಿಹಾರ. ನೀರು ಬಸಿಯದ ಎರೆಮಣ್ಣಿಗಿಂತ ಚಿಂಚೋಳಿಯ ಕಡೆಯ ಕೆಮ್ಮಣ್ಣಿಗೆ ಮರಳು, ಹಳೆಯ ಗೊಬ್ಬರ ಬೆರೆಸಿ, ತಳದಲ್ಲಿ ರಂಧ್ರವಿರುವ ಕುಂಡದಲ್ಲಿ ತುಂಬುವುದು ಉತ್ತಮ. ಕಲ್ಲುಗೋಡೆಯ ಒಳಮನೆಯ ಕತ್ತಲೆ ಗಿಡಕ್ಕೆ ಸಲ್ಲದು. ಮೂಡಣ ಕಿಟಕಿಯ ಎಳೆಬಿಸಿಲು ಹಿತ.

ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ ಬರುತ್ತದೆ. ಬೀಜ ಬಲಿತ ಮೇಲೆ ಗಿಡವು ಒಣಗುವುದು ಪಾಲನೆಯ ಲೋಪವಲ್ಲ, ಅದರ ಸಹಜಧರ್ಮ. ಆಗ ಹೆಚ್ಚು ನೀರೆರೆದು ಉಳಿಸಹೊರಟರೆ ಬೇರು ಕೊಳೆಯುವುದಷ್ಟೆ. ಕಾಯಿ ಸಿಡಿಯುವ ಮುನ್ನವೇ ಬೀಜವನ್ನು ಬಿಡಿಸಿ, ನೆರಳಲ್ಲಿ ಒಣಗಿಸಿ, ಮುಂದಿನ ಮಳೆಗಾಲಕ್ಕೆ ಕಾದಿಡಬೇಕು. ಅಲ್ಪಾಯುವಾದ ಸಸ್ಯವನ್ನು ಉಳಿಸಿಕೊಳ್ಳುವ ಮಾರ್ಗ ಇದೊಂದೇ.