ಬುಡದಿಂದ ಕಟ್ಟುವ ಆಂಪ್ಲಿಫೈಯರ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಆಂಪ್ಲಿಫೈಯರ್ ಸಾಮಾನು ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಐಸಿಯದ್ದು, ಎರಡನೆಯದು ವ್ಯಾಟಿನದ್ದು. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಹೀಟ್ ಸಿಂಕುಗಳ ಮಾತು ಬರುವುದು ಆಮೇಲೆ, ಜೇಬಿನಲ್ಲಿ ಉಳಿದ ದುಡ್ಡಿನ ಲೆಕ್ಕ ಹಾಕಿಕೊಂಡು. ಈ ಕ್ರಮವನ್ನು ತಿರುವುಹಾಕಬೇಕು ಎಂಬುದೇ ಈ ಅಧ್ಯಾಯದ ವಾದ. ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಚೆನ್ನಾಗಿ ನುಡಿಯುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೂರು ಸಂಗತಿಗಳು: ಅದಕ್ಕೆ ಕರೆಂಟು ಒದಗಿಸುವ ಭಾಗ, ಗ್ರೌಂಡ್ ತಂತಿ ಹಿಡಿದ ದಾರಿ, ಬಿಸಿ ಹೊರಹೋಗುವ ದಾರಿ. ಮೊಬೈಲಿನಿಂದಲೋ ರೇಡಿಯೊದಿಂದಲೋ ಬರುವ ಸಿಗ್ನಲ್ಲಿಗೆ ಸ್ಪೀಕರಿನ ಕೋನನ್ನು ಅಲುಗಿಸುವ ಕಸುವಿಲ್ಲ. ಕಸುವೆಲ್ಲ ಬರುವುದು ಗೋಡೆಯ ಪ್ಲಗ್ಗಿನಿಂದ, ಟ್ರಾನ್ಸ್‌ಫಾರ್ಮರಿನ ಮೂಲಕ. ಕೆರೆಯ ತೂಬಿನ ಬಳಿ ನಿಂತ ನೀರುಗಂಟಿ ನೀರನ್ನು ಹುಟ್ಟಿಸುವುದಿಲ್ಲ, ಯಾವಾಗ ಎಷ್ಟು ಬಿಡಬೇಕೆಂದು ನೋಡಿಕೊಳ್ಳುತ್ತಾನೆ. ಸಿಗ್ನಲ್ ಮಾಡುವುದೂ ಅಷ್ಟನ್ನೇ. ಕೆರೆಯೇ ಕದಡಿದ್ದರೆ ಗದ್ದೆಗೆ ಇಳಿಯುವುದು ಬಗ್ಗಡ.

ಮೊದಲು ವ್ಯಾಟಿನ ಆಸೆಯನ್ನು ಒರೆಗೆ ಹಚ್ಚೋಣ. ಮನೆಯ ಸಾಧಾರಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್ ಸದ್ದು ಸಿಗುತ್ತದೆ. ಮಾತುಕತೆಯ ಸದ್ದು 60 ಡೆಸಿಬೆಲ್ ಆಸುಪಾಸಿನದು. ಅಂದಮೇಲೆ 1 ವ್ಯಾಟ್ ಅನ್ನುವುದೇ ಮನೆಯೊಳಗೆ ಸಾಕಷ್ಟು ಜೋರು. ಶಕ್ತಿಯನ್ನು 10 ಪಟ್ಟು ಹೆಚ್ಚಿಸಿದರೆ 10 ಡೆಸಿಬೆಲ್ ಏರುತ್ತದೆ, ಎರಡು ಪಟ್ಟು ಮಾಡಿದರೆ ಬರೀ 3. ಆದ್ದರಿಂದ 20 ವ್ಯಾಟಿಗೆ 100 ಡೆಸಿಬೆಲ್ ಬಂದರೆ, ದುಪ್ಪಟ್ಟು ಶಕ್ತಿ ಸುರಿದು 40 ವ್ಯಾಟಿಗೆ ಹೋದರೂ ಸಿಗುವುದು 103. ಕಿವಿಗೆ ಅದು ಸಣ್ಣ ವ್ಯತ್ಯಾಸ. ಹಾಗಾದರೆ ಅಂಗಡಿಯ ಪುಟ್ಟ ಡಬ್ಬಿಗಳ ಮೇಲೆ 2000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದಿರುತ್ತದಲ್ಲ? ಆ ಡಬ್ಬಿಯ ಅಡಾಪ್ಟರನ್ನು ತಿರುಗಿಸಿ ನೋಡಿ. 12 ವೋಲ್ಟ್ 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ನಿರಂತರವಾಗಿ ಬರಲಾರದು. ಅಂಥ ಅಂಕಿಗಳನ್ನು ನಂಬಿ ಯಾರೂ ಯೋಜನೆ ಹಾಕಬಾರದು. ಸ್ವಚ್ಛವಾದ 20 ವ್ಯಾಟು ಹಜಾರಕ್ಕೆ ಬೇಕಾದಷ್ಟಾಯಿತು.

20 ವ್ಯಾಟಿಗೆ ಒಪ್ಪುವ ಐಸಿಗಳು ಹಲವಿವೆ. ಉದಾಹರಣೆಗೆ ಎಲ್‌ಎಂ 1875 ಅನ್ನೇ ತೆಗೆದುಕೊಳ್ಳೋಣ: ಐದು ಕಾಲು, ಹೊರಗಡೆ ಬೆರಳೆಣಿಕೆಯ ಬಿಡಿಭಾಗ. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ್ದರ ಅಥವಾ ವಾಲ್ವಿನ ಆಂಪ್ಲಿಫೈಯರಿನ ಮುಂದೆ ಐಸಿ ನಿಲ್ಲುತ್ತದೆಯೇ? 20 ವ್ಯಾಟಿನಲ್ಲಿ ಈ ಐಸಿ ಸೇರಿಸುವ ವಿಕೃತಿ ನೂರರಲ್ಲಿ 0.015 ಪಾಲು ಎನ್ನುತ್ತದೆ ಅದರ ಡೇಟಾಶೀಟ್. ತಗ್ಗಿನ ಸ್ವರಗಳಲ್ಲಿ ಸ್ಪೀಕರ್ ತಾನಾಗಿ ಸೇರಿಸುವ ವಿಕೃತಿ ಇದರ ಹತ್ತಾರು ಪಟ್ಟು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಕೊಂಡ ಉಪಾಯವೇ ಇದರ ಹಿಂದಿರುವುದು: ಹೊರಬಂದ ಸಿಗ್ನಲ್ಲಿನ ಒಂದು ಪಾಲನ್ನು ತಿರುಗಿ ಒಳಗೆ ತಂದು, ಬಂದದ್ದಕ್ಕೂ ಬರಬೇಕಾದದ್ದಕ್ಕೂ ಇರುವ ಅಂತರವನ್ನು ತಿದ್ದುವುದು. ಕಿವಿಯ ಸಾಕ್ಷಿಯೂ ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಮಾಯರ್ ಅವರು ಕ್ವಾಡ್ ಕಂಪನಿಯ ಒಂದು ವಾಲ್ವಿನ ಆಂಪ್ಲಿಫೈಯರನ್ನೂ ಎರಡು ಟ್ರಾನ್ಸಿಸ್ಟರಿನವನ್ನೂ ಅನುಭವಿ ಕೇಳುಗರ ಮುಂದೆ, ಯಾವುದು ನುಡಿಯುತ್ತಿದೆ ಎಂದು ಹೇಳದೆ, ಸದ್ದಿನ ಮಟ್ಟ ಸರಿಹೊಂದಿಸಿ ನುಡಿಸಿದರು. ಕೇಳುಗರಿಗೆ ಒಂದನ್ನು ಇನ್ನೊಂದರಿಂದ ಖಚಿತವಾಗಿ ಬೇರ್ಪಡಿಸಲಾಗಲಿಲ್ಲ. ಚೆನ್ನಾಗಿ ಮಾಡಿದ, ಮಿತಿಯೊಳಗೆ ದುಡಿಯುವ ಆಂಪ್ಲಿಫೈಯರುಗಳ ನಡುವಿನ ಅಂತರ ಅಷ್ಟು ಕಿರಿದು. ವರ್ಧಿಸುವ ಕೆಲಸವನ್ನು ಐಸಿ ಮಾಡಿದವರು ಬಗೆಹರಿಸಿ ಕೊಟ್ಟಿದ್ದಾರೆ. ಕಟ್ಟುವವರ ಪಾಲಿಗೆ ಉಳಿದಿರುವುದು ಅದರ ಸುತ್ತಲಿನದು.

ಆ ಸುತ್ತಲಿನದರಲ್ಲಿ ಮೊದಲನೆಯದು ಟ್ರಾನ್ಸ್‌ಫಾರ್ಮರ್. 18-0-18 ವೋಲ್ಟಿನ ಒಂದನ್ನು ತಂದು ಡಯೋಡ್ ಬ್ರಿಡ್ಜಿಗೆ ಕಟ್ಟಿದರೆ ಕೆಪಾಸಿಟರಿನಲ್ಲಿ 18 ವೋಲ್ಟ್ ಕಾಣುವುದಿಲ್ಲ, 18ನ್ನು 1.414ರಿಂದ ಗುಣಿಸಿ ಡಯೋಡು ನುಂಗಿದ್ದನ್ನು ಕಳೆದರೆ ಹೆಚ್ಚುಕಮ್ಮಿ 24 ವೋಲ್ಟ್, ಒಂದು ಧನ, ಒಂದು ಋಣ. ಎಲ್‌ಎಂ 1875 ತಡೆಯುವುದು ಎರಡೂ ಸೇರಿ 60 ವೋಲ್ಟ್. ಹೆಚ್ಚು ಸದ್ದಿನ ಆಸೆಗೆ 24-0-24 ತಂದರೆ ಲೆಕ್ಕ 65 ದಾಟುತ್ತದೆ, ಐಸಿ ಸಾಯುತ್ತದೆ. ನಮ್ಮಲ್ಲಿ ಲೈನಿನ 230 ವೋಲ್ಟ್ ಎಂಬುದು ಕಾಗದದ ಮೇಲಿನ ಅಂಕಿ. ಊರಿಗೆ ಬೇರೆ, ಹೊತ್ತಿಗೆ ಬೇರೆ. 250ಕ್ಕೆ ಏರಿ, ಹೊರೆಯೂ ಇಲ್ಲದೆ ಕೂತಾಗ 18-0-18 ಸಹ ಅಂಚಿಗೆ ಬಂದುಬಿಡಬಹುದು. ವೋಲ್ಟೇಜ್ ಏರುವ ಊರಿನವರು 15-0-15 ಹಾಕುವುದು ಜಾಣತನ. ಅದರಿಂದ 20 ವ್ಯಾಟ್ ಇದ್ದದ್ದು 16 ಆಗುತ್ತದೆ. ಡೆಸಿಬೆಲ್ಲಿನಲ್ಲಿ ನಷ್ಟ 1 ಮಾತ್ರ. ಎರಡು ಚಾನಲ್ಲಿಗೆ 3 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಇರಲಿ. ಇನ್ನು ಕೆಪಾಸಿಟರ್: ಡಯೋಡುಗಳು ಅದನ್ನು ಸೆಕೆಂಡಿಗೆ 100 ಸಲ ತುಂಬುತ್ತವೆ, ನಡುವಿನ ಹೊತ್ತಿನಲ್ಲಿ ಅದು ಖಾಲಿಯಾಗುತ್ತಿರುತ್ತದೆ. ಜೋರಾಗಿ ನುಡಿಯುವಾಗ ಎರಡು ಚಾನಲ್ ಸೇರಿ 1.5 ಆಂಪಿಯರ್ ಎಳೆದರೆ, 2,200 ಮೈಕ್ರೋಫ್ಯಾರಡಿನ ಕೆಪಾಸಿಟರಿನಲ್ಲಿ ವೋಲ್ಟೇಜ್ ಪ್ರತಿ ಸಲ 7 ವೋಲ್ಟಿನವರೆಗೆ ಕುಸಿಯಬಹುದು. 10,000ದ್ದಾದರೆ ಕುಸಿತ 1.5 ಮೀರದು. ಪೂರೈಕೆಯ ಏರಿಳಿತವನ್ನು ಐಸಿ ತಾನೇ ತಡೆಯುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಹೌದು, ಆದರೆ ಮೇಲೆ ಜಾಗ ಇರುವ ತನಕ. ಮೃದಂಗದ ಒಂದು ಗಟ್ಟಿ ಪೆಟ್ಟು ಬಂದ ಕ್ಷಣದಲ್ಲೇ ವೋಲ್ಟೇಜ್ ತಗ್ಗಿನಲ್ಲಿದ್ದರೆ ಪೆಟ್ಟಿನ ತಲೆ ಕತ್ತರಿಸಿಹೋಗುತ್ತದೆ; ಅದನ್ನು ಯಾವ ತಿದ್ದುಪಡಿಯೂ ಮರಳಿ ತರಲಾರದು.

ಇಷ್ಟು ಮಾಡಿಯೂ ಬಹಳ ಜನರ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ, ಬೈಗುಳ ಐಸಿಗೆ ಬೀಳುತ್ತದೆ. ಕಾರಣ ಹುಡುಕಲು ಒಂದು ಗೇಣಿಗಿಂತ ಚಿಕ್ಕ ತಂತಿಯನ್ನು ಹತ್ತಿರದಿಂದ ನೋಡಬೇಕು. ಧನ, ಋಣ ಎರಡು ಕೆಪಾಸಿಟರುಗಳನ್ನು ಜೋಡಿಸುವ ಗ್ರೌಂಡ್ ತಂತಿ ಅದು. 1 ಚದರ ಮಿಲಿಮೀಟರ್ ದಪ್ಪದ ತಾಮ್ರ, 10 ಸೆಂಟಿಮೀಟರ್ ಉದ್ದ. ಅದರ ರೋಧ ಸುಮಾರು 0.0017 ಓಮ್. ಸೊನ್ನೆ ಎಂದೇ ಎಲ್ಲರೂ ಎಣಿಸುತ್ತಾರೆ. ಆದರೆ ಕೆಪಾಸಿಟರ್ ತುಂಬುವ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ, ಸೆಕೆಂಡಿಗೆ 100 ಸಲ ಚೂಪಾದ ಮಿಡಿತಗಳಾಗಿ ಬರುತ್ತದೆ. ಹಾಡು ಇಲ್ಲದ ಹೊತ್ತಿನಲ್ಲೂ ಮಿಡಿತದ ತುದಿ 1 ಆಂಪಿಯರ್ ಮುಟ್ಟಬಹುದು. ಆಗ ತಂತಿಯ ಎರಡು ತುದಿಗಳ ನಡುವೆ 1.7 ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು ಈ ತಂತಿಯ ಒಂದು ತುದಿಗೂ ಐಸಿ ಬೋರ್ಡಿನ ಗ್ರೌಂಡನ್ನು ಇನ್ನೊಂದು ತುದಿಗೂ ಬೆಸೆದಿದ್ದರೆ, ಆ 1.7 ಮಿಲಿವೋಲ್ಟ್ ಸಂಗೀತದ ಜೊತೆ ಸೇರಿ ಒಳಗೆ ಹೋಗುತ್ತದೆ. ಐಸಿಗೆ ಅದೂ ಸಂಗೀತವೇ. ಹೊರಬಂದ ಸಿಗ್ನಲ್ಲನ್ನು ತಿರುಗಿ ಒಳಗೆ ತರುವ ದಾರಿಯಲ್ಲಿ 20 ಕಿಲೋಓಮ್, 1 ಕಿಲೋಓಮ್ ರೋಧಕ ಹಾಕಿದ ಸರ್ಕ್ಯೂಟ್ ಅದನ್ನು 21 ಪಟ್ಟು ಹಿಗ್ಗಿಸಿ 36 ಮಿಲಿವೋಲ್ಟ್ ಮಾಡುತ್ತದೆ. ಮಿಡಿತವಾದ್ದರಿಂದ ಅರ್ಧವನ್ನೇ ಲೆಕ್ಕಕ್ಕೆ ಹಿಡಿದರೂ, 8 ಓಮಿನ ಸ್ಪೀಕರಿನಿಂದ 1 ಮೀಟರಿನಲ್ಲಿ 43 ಡೆಸಿಬೆಲ್ ಸದ್ದು. ರಾತ್ರಿ ಹೊತ್ತಿನ ಸದ್ದಿಲ್ಲದ ಕೋಣೆ 30 ಡೆಸಿಬೆಲ್ ಇರುತ್ತದೆ. ಈ ಗುಂಯ್ ಸ್ಪಷ್ಟವಾಗಿ ಕೇಳುತ್ತದೆ. ಅದರಲ್ಲೂ ಮಿಡಿತ ಚೂಪಾದಷ್ಟೂ ಕಿವಿ ಸುಲಭವಾಗಿ ಹಿಡಿಯುವ ಮೇಲಿನ ಸ್ವರಗಳು ಅದರಲ್ಲಿ ಸೇರಿರುತ್ತವೆ. ಕೆಪಾಸಿಟರ್ ದೊಡ್ಡದಾದಷ್ಟೂ ಮಿಡಿತ ಇನ್ನಷ್ಟು ಕಿರಿದಾಗಿ ಎತ್ತರವಾಗುವುದರಿಂದ, ಗುಂಯ್ ಹೋಗಲೆಂದು ಕೆಪಾಸಿಟರ್ ಮೇಲೆ ಕೆಪಾಸಿಟರ್ ಸೇರಿಸುವುದು ಇಂಥಲ್ಲಿ ತಿರುಗುಬಾಣ. ಪರಿಹಾರಕ್ಕೆ ಹೊಸ ಸಾಮಾನು ಬೇಕಿಲ್ಲ. ಎರಡು ಕೆಪಾಸಿಟರುಗಳನ್ನು ಗಿಡ್ಡ, ದಪ್ಪ ತಂತಿಯಿಂದ ಕೂಡಿಸಿ, ಅದರ ನಡುವಿನಿಂದ ಇನ್ನೊಂದು ಚಿಕ್ಕ ತಂತಿ ಹೊರತಂದು, ಅದರ ಕೊನೆಯಲ್ಲಿ ಇನ್‌ಪುಟ್, ಬೋರ್ಡು, ಸ್ಪೀಕರ್ ಮೂರರ ಗ್ರೌಂಡನ್ನೂ ಒಂದೇ ಬಿಂದುವಿಗೆ ಬೇರೆ ಬೇರೆ ತಂತಿಗಳಿಂದ ಬೆಸೆದರೆ ತೀರಿತು. ಮಿಡಿತ ತನ್ನ ದಾರಿಯಲ್ಲಿ ಹರಿಯುತ್ತದೆ, ಸಿಗ್ನಲ್ಲಿನ ದಾರಿಗೆ ಕಾಲಿಡುವುದಿಲ್ಲ.

ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಕಡ್ಡಿಯ ತಂತಿ ಕತ್ತರಿಸುವ ರೂಢಿ ಕೆಲವರಲ್ಲಿದೆ. ಎಂದಿಗೂ ಮಾಡಬೇಡಿ. ಲೋಹದ ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿಯೊಂದು ಸಡಿಲಗೊಂಡು ತಗುಲಿದ ದಿನ, ಫ್ಯೂಸು ಹಾರಿಸಿ ಜೀವ ಉಳಿಸುವುದು ಆ ಅರ್ತ್ ತಂತಿಯೇ. ಅದು ಪೆಟ್ಟಿಗೆಗೆ ನಟ್ಟು ಬೋಲ್ಟಿನಿಂದ ಬಿಗಿಯಾಗಿರಬೇಕು, ಟ್ರಾನ್ಸ್‌ಫಾರ್ಮರಿಗೆ ಮುಂಚೆ ಫ್ಯೂಸ್ ಇರಬೇಕು.

ಬಿಸಿಯ ಲೆಕ್ಕದಲ್ಲಿ ನಾವು ಬದುಕುವ ಊರು ಬಂದು ಸೇರುತ್ತದೆ. 24 ವೋಲ್ಟ್ ಪೂರೈಕೆ, 8 ಓಮ್ ಸ್ಪೀಕರ್ ಇದ್ದಾಗ ಈ ಐಸಿ ಅತಿ ಹೆಚ್ಚೆಂದರೆ ಸುಮಾರು 18 ವ್ಯಾಟನ್ನು ಬರೀ ಶಾಖವಾಗಿ ಬಿಡುತ್ತದೆ. ಪ್ರತಿ ವ್ಯಾಟಿಗೂ ಐಸಿಯ ಒಡಲು 3 ಡಿಗ್ರಿ, ಐಸಿಗೂ ಹೀಟ್ ಸಿಂಕಿಗೂ ನಡುವಿನ ಮೈಕಾ ಹಾಳೆ ಸುಮಾರು 1 ಡಿಗ್ರಿ ಏರಿಸುತ್ತವೆ: ಅಲ್ಲಿಗೆ 72 ಡಿಗ್ರಿ. ಒಳಗಿನ ಸಿಲಿಕಾನ್ 150 ಡಿಗ್ರಿ ದಾಟಬಾರದು. ಡೇಟಾಶೀಟಿನ ಲೆಕ್ಕಗಳಲ್ಲಿ ಸುತ್ತಲ ಗಾಳಿ ಸಾಮಾನ್ಯವಾಗಿ 25 ಡಿಗ್ರಿ. ಆಗ ಹೀಟ್ ಸಿಂಕಿಗೆ 53 ಡಿಗ್ರಿ ಉಳಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 42 ಇದ್ದು ಪೆಟ್ಟಿಗೆಯೊಳಗೆ 50 ಆದರೆ ಉಳಿಯುವುದು 28. ಅಂದರೆ ಅದೇ ಆಂಪ್ಲಿಫೈಯರಿಗೆ ಶಾಖವನ್ನು ಹೆಚ್ಚುಕಮ್ಮಿ ಎರಡು ಪಟ್ಟು ಸಲೀಸಾಗಿ ಹೊರಹಾಕುವ ಹೀಟ್ ಸಿಂಕ್ ಬೇಕು. ಇದು ಎಡೆಬಿಡದೆ ಒಂದೇ ಸ್ವರ ನುಡಿಸಿದಾಗಿನ ಲೆಕ್ಕ, ಸಂಗೀತದಲ್ಲಿ ಬಿಸಿ ಕಡಿಮೆ ಎನ್ನುವುದು ನಿಜ. ಆದರೂ ಮದುವೆಮನೆಗೆ ಒಯ್ದು ಗಂಟೆಗಟ್ಟಲೆ ಹಚ್ಚುವವರಿದ್ದಾರೆ; ಸಿಂಕ್ ದೊಡ್ಡದಿರಲಿ. ಈ ಐಸಿಯ ಬೆನ್ನಿನ ಲೋಹ ಋಣ ಪೂರೈಕೆಗೆ ಸೇರಿದ್ದು, ಆದ್ದರಿಂದ ಮೈಕಾ ಹಾಳೆ ಬಿಡುವಂತಿಲ್ಲ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರ್ ಬೋರ್ಡುಗಳು ಕೆಲವು ನೂರು ರೂಪಾಯಿಗೆ ಸಿದ್ಧವಾಗಿ ಸಿಗುತ್ತವೆ, ಬಿಸಿಯೂ ಅಷ್ಟಾಗಿ ಆಗುವುದಿಲ್ಲ. ಇಷ್ಟೆಲ್ಲ ಪಾಡು ಯಾಕೆ? ಸದ್ದು ಮಾತ್ರ ಬೇಕಿದ್ದವರು ಅದನ್ನೇ ಕೊಳ್ಳಲಿ, ತಪ್ಪಿಲ್ಲ. ಆದರೆ ಅವೂ ಕಳಪೆ ಅಡಾಪ್ಟರಿಗೆ ಕಟ್ಟಿದಾಗ ಗಟ್ಟಿ ಪೆಟ್ಟಿಗೆ ಮುಗ್ಗರಿಸುತ್ತವೆ, ಗ್ರೌಂಡ್ ತಪ್ಪಿದಾಗ ಗುಂಯ್‌ಗುಡುತ್ತವೆ. ಮೇಲಿನ ವಾದ ಅವಕ್ಕೂ ಸಲ್ಲುತ್ತದೆ. ಬಿಡಿಬಿಡಿಯಾಗಿ ಕಟ್ಟಿದ್ದು ಕೆಟ್ಟಾಗ ಐದು ಕಾಲಿನ ಒಂದು ಐಸಿ ಬದಲಿಸಿ ಮತ್ತೆ ನುಡಿಸಬಹುದು. ಸಾಸಿವೆಗಿಂತ ಚಿಕ್ಕ ಭಾಗಗಳನ್ನು ಕೂರಿಸಿದ ಬೋರ್ಡನ್ನು ಮನೆಯ ಬೆಸುಗೆ ಕಡ್ಡಿಯಿಂದ ಸರಿಮಾಡುವುದು ಕಷ್ಟ. ಕಲಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಕಟ್ಟಿ ಮುಗಿದ ಮೇಲೆ ಸ್ಪೀಕರನ್ನು ಕೂಡಲೇ ಹಚ್ಚಬಾರದು. ರಿಪೇರಿ ಅಂಗಡಿಯವರು ಮಾಡುವಂತೆ ಲೈನಿಗೆ ಸರಣಿಯಲ್ಲಿ 60 ವ್ಯಾಟಿನ ತಂತಿಯ ಬಲ್ಬು ಕಟ್ಟಿ ಸ್ವಿಚ್ ಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಬಲ್ಬು ಒಮ್ಮೆ ಮಿನುಗಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಬಲ್ಬು ತೆಗೆದು ಔಟ್‌ಪುಟ್ಟಿನ ಡಿಸಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಸ್ಪೀಕರ್ ಹಚ್ಚಬಹುದು. ಕೆಲವು ವೋಲ್ಟ್ ತೋರಿದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗುವ ಅಪಾಯವಿದೆ. ಆಮೇಲೆ ಇನ್‌ಪುಟ್ಟಿನ ಎರಡು ತುದಿಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿ ಕೇಳಿ. ಗುಂಯ್ ಹಾಗೇ ಇದ್ದರೆ ತಪ್ಪು ಪೆಟ್ಟಿಗೆಯೊಳಗಿನ ಗ್ರೌಂಡ್ ತಂತಿಯಲ್ಲಿದೆ. ಆಗ ನಿಂತು, ಮೊಬೈಲೋ ಟಿವಿಯೋ ಜೋಡಿಸಿದಾಗ ಮಾತ್ರ ಮರಳಿದರೆ ಹುಡುಕಬೇಕಾದದ್ದು ಕೇಬಲ್ಲಿನಲ್ಲಿ, ಇಲ್ಲವೇ ಆ ಸಾಧನದ ಚಾರ್ಜರಿನಲ್ಲಿ.